ಸಿಟಿಒ ಆದ ಮೇಲೆ ಮೊದಲು ಏನು ಮಾಡಬೇಕು?

ಸಿಟಿಒ, ಅಂದರೆ ಕಂಪನಿಯ ಮುಖ್ಯ ತಂತ್ರಜ್ಞಾನ ಅಧಿಕಾರಿ. ಹೊಸ ತಂತ್ರಜ್ಞಾನ ತರುವುದೇ ಇವರ ಕೆಲಸ ಅಂತ ಜಾಸ್ತಿ ಜನ ತಿಳಿದಿದ್ದಾರೆ. ಹೊಸದು ಆಮೇಲೆ. ಮೊದಲು ಇರುವುದು ಎಲ್ಲಿ ಮುರಿಯಬಹುದು ಅಂತ ನೋಡಬೇಕು.

ಮೊದಲ ವಾರವೇ ಪಟ್ಟಿ ಮಾಡಿಸಿ. ಯಾವ ಸರ್ವರ್‌ನಲ್ಲಿ ಏನು ಓಡುತ್ತಿದೆ, ಅದು ನಿಂತರೆ ಏನೆಲ್ಲ ನಿಲ್ಲುತ್ತದೆ, ನೋಡಿಕೊಳ್ಳುವವರು ಯಾರು? ಹೆಸರಿನ ಜಾಗ ಖಾಲಿ ಉಳಿದ ಕಡೆಯೇ ಅಪಾಯ. ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್ ತನ್ನ ಎಂಟು ಸರ್ವರ್‌ಗಳ ಪೈಕಿ ಒಂದಕ್ಕೆ ಹೊಸ ಕೋಡ್ ಹಾಕುವುದನ್ನು ಮರೆತಿತ್ತು. 2012ರ ಆಗಸ್ಟ್ 1ರಂದು ಅದರಲ್ಲಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದ ಹಳೇ ಕೋಡ್ ಎದ್ದು ಕೂತು, ಬೇಡದ ಆರ್ಡರ್‌ಗಳನ್ನು ಕಳಿಸತೊಡಗಿತು. ಸುಮಾರು 45 ನಿಮಿಷದಲ್ಲಿ 40 ಕೋಟಿ ಡಾಲರ್‌ಗೂ ಜಾಸ್ತಿ ಹಣ ಹೋಯಿತು.

ಆಮೇಲೆ ಬ್ಯಾಕಪ್. "ಬ್ಯಾಕಪ್ ಇದೆಯಾ?" ಅಂತ ಕೇಳಿದರೆ ಎಲ್ಲರೂ ಇದೆ ಅಂತಲೇ ಹೇಳುತ್ತಾರೆ. "ಕೊನೇ ಸಲ ಯಾವಾಗ ಅದರಿಂದ ಡೇಟಾ ವಾಪಸ್ ತೆಗೆದು ನೋಡಿದಿರಿ?" ಅಂತ ಕೇಳಿ. 2017ರ ಜನವರಿ 31ರಂದು, ಕಂಪನಿಗಳ ಕೋಡ್ ಇಟ್ಟುಕೊಳ್ಳುವ ಸೇವೆ ನಡೆಸುವ ಗಿಟ್‌ಲ್ಯಾಬ್‌ ಸಂಸ್ಥೆಯಲ್ಲಿ ಒಬ್ಬ ಎಂಜಿನಿಯರ್ ಕೈತಪ್ಪಿ ಮುಖ್ಯ ಡೇಟಾಬೇಸ್‌ನ ಡೇಟಾ ಅಳಿಸಿಬಿಟ್ಟರು. ದಿನದ ಬ್ಯಾಕಪ್ ವಿಫಲವಾಗುತ್ತಲೇ ಇತ್ತು ಅಂತ ಆಗ ಗೊತ್ತಾಯಿತು. ಎಚ್ಚರಿಸಬೇಕಿದ್ದ ಇಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸಿತ್ತು! ಸುಮಾರು ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆ ತೆಗೆದಿಟ್ಟ ಡೇಟಾದ ಒಂದು ಪ್ರತಿ ಕಾಪಾಡಿತು. ಸಂಸ್ಥೆ ನಡೆದದ್ದನ್ನೆಲ್ಲ ಬಹಿರಂಗವಾಗಿ ಬರೆಯಿತು. ಹೀಗಾದಾಗ ಎಂಜಿನಿಯರ್ ಮೇಲೆ ಗೂಬೆ ಕೂರಿಸದೆ, ಪದ್ಧತಿಯಲ್ಲಿ ತೂತು ಎಲ್ಲಿತ್ತು ಅಂತ ಹುಡುಕಿಸುವುದೂ ಸಿಟಿಒ ಹೊಣೆಯೇ.

ಇದಕ್ಕೆಲ್ಲ ದುಡ್ಡು ಬೇಕು ಅಲ್ವಾ? ಆಡಳಿತ ಮಂಡಳಿಯ ಮುಂದೆ "ಸಿಸ್ಟಂ ಹಳೇದಾಯಿತು" ಅಂದರೆ ಯಾರೂ ಕಿವಿಗೊಡುವುದಿಲ್ಲ. "ಒಂದು ಗಂಟೆ ನಿಂತರೆ ಇಷ್ಟು ಆರ್ಡರ್ ತಪ್ಪುತ್ತದೆ, ಸರಿಪಡಿಸಲು ಇಷ್ಟು ಖರ್ಚು" ಅನ್ನಿ.

ಏನು ಕೊಳ್ಳಬೇಕು, ಏನು ನಾವೇ ಕಟ್ಟಬೇಕು ಅನ್ನುವ ಚರ್ಚೆ ಎಳೆಯಬೇಡಿ. ಸಂಬಳ, ಲೆಕ್ಕಪತ್ರದ ಸಾಫ್ಟ್‌ವೇರ್ ಕೊಂಡುಬಿಡಿ. ಗ್ರಾಹಕರು ಯಾವುದಕ್ಕಾಗಿ ನಿಮ್ಮ ಹತ್ತಿರ ಬರುತ್ತಾರೋ ಅದನ್ನು ಮಾತ್ರ ಕೈಯಾರೆ ಕಟ್ಟಿ.

ಕೊನೆಗೆ ಒಂದು ವಾರ ರಜೆ ಹಾಕಿ, ಫೋನ್ ಆಫ್ ಮಾಡಿ. ವಾಪಸ್ ಬಂದಾಗ ನಿಮಗಾಗಿ ಕಾದು ನಿಂತ ತೀರ್ಮಾನಗಳು ಯಾವುವು ಅಂತ ಬರೆದುಕೊಳ್ಳಿ. ಅರ್ಧದಷ್ಟನ್ನಾದರೂ ತಂಡದ ಒಬ್ಬೊಬ್ಬರ ಹೆಸರಿಗೆ ಬರೆದುಕೊಡಿ.