ಆರ್‌ಎಕ್ಸ್ 100ರ ಮ್ಯಾನಿಫೋಲ್ಡ್ ರಬ್ಬರ್: ಬಿಪಿ ಮಿಷನ್ ಹಿಡಿದುಕೊಟ್ಟ ಬಿರುಕು

ಅಪ್ಪ 1991ರಲ್ಲಿ ಕೊಂಡ ಯಮಹಾ ಆರ್‌ಎಕ್ಸ್ 100 ಈಗ ನನ್ನ ಕೈಯಲ್ಲಿದೆ. ಒಂದು ವರ್ಷ ಅದಕ್ಕೊಂದು ಚಾಳಿ ಅಂಟಿಕೊಂಡಿತ್ತು. ಸಿಗ್ನಲ್‌ನಲ್ಲಿ ಆಕ್ಸಿಲರೇಟರ್ ಬಿಟ್ಟರೂ ರೇಸ್ ಇಳಿಯುತ್ತಿರಲಿಲ್ಲ. ಎರಡು ಮೂರು ಸೆಕೆಂಡ್ ಮೇಲೇ ನಿಂತು, ಆಮೇಲೆ ನಿಧಾನಕ್ಕೆ ಕೆಳಗೆ ಬರುತ್ತಿತ್ತು. ತಣ್ಣಗಿದ್ದಾಗ ಸರಿ ಇರುತ್ತಿತ್ತು, ಎಂಜಿನ್ ಬಿಸಿಯಾದ ಮೇಲೆ ಶುರು. ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. ಕೇಬಲ್‌ಗೆ ಎಣ್ಣೆ ಬಿಟ್ಟರು, ಸ್ಕ್ರೂ ತಿರುಗಿಸಿದರು, ಕೊನೆಗೆ ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಅಳೆದು ಬಿಡುವ ಜೆಟ್ ಎರಡನ್ನೂ ಒಂದೊಂದು ಸೈಜ್ ದೊಡ್ಡದು ಮಾಡಿದರು. ಬೆಂಗಳೂರಿನೊಳಗೆ ಚೆನ್ನಾಗೇ ಓಡಿತು.

ಅದೇ ಬೈಕಿನಲ್ಲಿ ಮಂಗಳೂರಿಗೆ ಹೊರಟೆ. ಸಕಲೇಶಪುರ ದಾಟಿ ಶಿರಾಡಿ ಘಾಟ್ ಇಳಿಯುತ್ತಿದ್ದೆ. ಗುಂಡ್ಯ ಇನ್ನೇನು ಬಂತು ಅನ್ನುವಾಗ ಹಿಂದಿನ ಚಕ್ರ ಕಚ್ಚಿ ನಿಂತಿತು. ಬೆರಳು ಕ್ಲಚ್ ಮೇಲಿತ್ತು, ಅದೇ ಉಳಿಸಿತು. ಬಿಚ್ಚಿದಾಗ ಪಿಸ್ಟನ್ ಮೈ ಮೇಲೆ ಉದ್ದುದ್ದ ಗೀರು. ಸಿಲಿಂಡರ್‌ನ 50 ಮಿ.ಮೀ. ಬೋರ್ ಕೊರೆಸಿ 0.25 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಿಸಬೇಕಾಯಿತು.

ಆಗಿದ್ದೇನು ಅಂದರೆ, ಕಾರ್ಬೊರೇಟರ್‌ಗೂ ಸಿಲಿಂಡರ್‌ಗೂ ನಡುವೆ ಎಲ್ಲಿಂದಲೋ ಏರ್ ಎಳೆಯುತ್ತಿತ್ತು. ಕಾರ್ಬೊರೇಟರ್ ಲೆಕ್ಕ ಹಾಕಿ ಕೊಟ್ಟ ಪೆಟ್ರೋಲ್‌ಗೆ ಲೆಕ್ಕಕ್ಕಿಲ್ಲದ ಗಾಳಿ ಸೇರುತ್ತಿತ್ತು. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಆದರೆ ಬೆಂಕಿ ಬಿಸಿ ಏರುತ್ತದೆ, ಪಿಸ್ಟನ್ ಉಬ್ಬಿ ಸಿಲಿಂಡರ್‌ಗೆ ಕಚ್ಚಿಕೊಳ್ಳುತ್ತದೆ. ಘಾಟ್ ಇಳಿಯುವಾಗ ಥ್ರಾಟಲ್ ಮುಚ್ಚಿರುತ್ತದೆ, ಎಂಜಿನ್ ಮಾತ್ರ ಜೋರಾಗಿ ತಿರುಗುತ್ತಿರುತ್ತದೆ. ಎಳೆತ ಜೋರು, ಒಳಗೆ ಹೋಗುವ ಪೆಟ್ರೋಲ್ ಚೂರೇ ಚೂರು. ಜೊತೆಗೆ ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ, ಇಲ್ಲಿನ ಗಾಳಿ ತೆಳು. ಕೆಳಗೆ ಇಳಿದಷ್ಟೂ ಗಾಳಿ ದಟ್ಟ, ಅದೇ ಜೆಟ್ ಸಾಲದೆ ಹೋಗುತ್ತದೆ. ದೊಡ್ಡ ಜೆಟ್ ಇಲ್ಲಿ ಸೋರಿಕೆಯನ್ನು ಮುಚ್ಚಿಟ್ಟಿತ್ತು ಅಷ್ಟೇ, ಸರಿ ಮಾಡಿರಲಿಲ್ಲ.

ಹೊಸ ಪಿಸ್ಟನ್ ಹಾಕಿ ಮತ್ತೆ ಅದೇ ಸೋರಿಕೆಯಲ್ಲಿ ಓಡಿಸುವ ಧೈರ್ಯ ನನಗಿರಲಿಲ್ಲ. ಹೂವಿನ ಗಿಡಕ್ಕೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿ ತಂದು, ಎಂಜಿನ್ ಓಡುವಾಗಲೇ ಕಾರ್ಬೊರೇಟರನ್ನು ಎಂಜಿನ್‌ಗೆ ಜೋಡಿಸುವ ಮ್ಯಾನಿಫೋಲ್ಡ್ ರಬ್ಬರ್ ಸುತ್ತ ನೀರು ಹೊಡೆದೆ. ಸೋರಿಕೆ ಇದ್ದಲ್ಲಿ ನೀರು ಬಿದ್ದರೆ ಶಬ್ದ ಬದಲಾಗಬೇಕು. ಒಮ್ಮೆ ಬದಲಾಯಿತು, ಒಮ್ಮೆ ಇಲ್ಲ. ಕೆಲವರು ಬೇಗ ಹೊತ್ತಿಕೊಳ್ಳುವ ಕಾರ್ಬ್ ಕ್ಲೀನರ್ ಹೊಡೆಯುತ್ತಾರೆ. ಬಿಸಿ ಸೈಲೆನ್ಸರ್ ಪಕ್ಕದಲ್ಲೇ ಅದನ್ನು ಹೊಡೆಯಲು ನನಗೆ ಮನಸ್ಸಾಗಲಿಲ್ಲ.

ಆಗ ನೆನಪಾಗಿದ್ದು ಅಮ್ಮನ ಹಳೇ ಬಿಪಿ ಮಿಷನ್, ಕೈಯಲ್ಲಿ ಬಲ್ಬ್ ಒತ್ತುವಂಥದ್ದು. ಅದರ ಮುಳ್ಳು 300ರವರೆಗೆ ಹೋಗುತ್ತದೆ. ಪಾದರಸದ 300 ಮಿ.ಮೀ. ಅಂದರೆ ಹತ್ತಿರ ಹತ್ತಿರ 6 ಪಿಎಸ್‌ಐ. ಟೂ ಸ್ಟ್ರೋಕ್ ಎಂಜಿನ್‌ಗೆ ಗಾಳಿಯ ಒತ್ತಡ ಕೊಟ್ಟು ಸೋರಿಕೆ ನೋಡಲು ಬೇಕಾಗುವುದೂ ಅಷ್ಟೇ! ಬಲ್ಬ್ ಪೈಪು, ಮುಳ್ಳಿನ ಪೈಪು ಎರಡನ್ನೂ ಮೀನಿನ ತೊಟ್ಟಿಗೆ ಹಾಕುವ, ಮೂರು ಬಾಯಿಯ ಪ್ಲಾಸ್ಟಿಕ್ ಟೀಗೆ ಸೇರಿಸಿದೆ. ಕಾರ್ಬೊರೇಟರ್ ತೆಗೆದು, ಆ ಬಾಯಿಗೆ ತೂತಿರುವ ರಬ್ಬರ್ ಬಿರಡೆ ಇಟ್ಟು ಕ್ಲಿಪ್ ಬಿಗಿದೆ. ಸೈಲೆನ್ಸರ್ ಜಾಗಕ್ಕೆ ಸೈಕಲ್ ಟ್ಯೂಬಿನ ತುಂಡು ಒತ್ತಿ ಮುಚ್ಚಿದೆ. ಪ್ಲಗ್ ಅಲ್ಲೇ ಇತ್ತು, ಪಿಸ್ಟನ್ ಪೂರ್ತಿ ಕೆಳಗೆ. ಕಂಪ್ರೆಸರ್ ಮಾತ್ರ ಹಚ್ಚಬೇಡಿ, ಕ್ರ್ಯಾಂಕ್ ತುದಿಯಲ್ಲಿ ಗಾಳಿ ತಡೆಯುವ ರಬ್ಬರ್ ಸೀಲ್ ಎದ್ದು ಬರುತ್ತದೆ.

300ಕ್ಕೆ ಏರಿಸಿದೆ. ಒಂದು ನಿಮಿಷ ಆಗುವ ಮೊದಲೇ ಮುಳ್ಳು 200ಕ್ಕೆ ಬಂತು. ಸೋಪಿನ ನೀರನ್ನು ಬ್ರಷ್‌ನಲ್ಲಿ ಹಚ್ಚುತ್ತಾ ಹೋದೆ. ಮ್ಯಾಗ್ನೆಟ್ ಕಡೆಯ ಕ್ರ್ಯಾಂಕ್ ಸೀಲ್ ಚೆನ್ನಾಗಿತ್ತು. ರಬ್ಬರ್‌ನ ತಳಭಾಗ, ಮೇಲಿನಿಂದ ಕಣ್ಣಿಗೆ ಬೀಳದ ಜಾಗ, ಅಲ್ಲಿ ರಬ್ಬರ್ ತನ್ನ ಅಲ್ಯೂಮಿನಿಯಂ ತಟ್ಟೆಗೆ ಅಂಟಿಕೊಂಡಿರುವ ಗೆರೆಯಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಬಿಚ್ಚಿ ಬಿಸಿಲಿಗೆ ಹಿಡಿದು ಹೆಬ್ಬೆರಳಲ್ಲಿ ಬಗ್ಗಿಸಿದೆ. ಬಿರುಕು ಬಾಯಿ ತೆರೆಯಿತು. ಬಿಟ್ಟರೆ ಮತ್ತೆ ಮುಚ್ಚಿಕೊಂಡು ಏನೂ ಕಾಣದು. ಇಷ್ಟು ದಿನ ಯಾರ ಕಣ್ಣಿಗೂ ಬೀಳದಿದ್ದದ್ದು ಅದಕ್ಕೇ.

ಹೊಸ ರಬ್ಬರ್‌ಗೆ ಶಿವಾಜಿನಗರದ ಗುಜರಿ, ಜೆ.ಸಿ. ರಸ್ತೆ ಎರಡೂ ಸುತ್ತಿದೆ. ಒಂದು ಕಡೆ ಹಳೇ ಸ್ಟಾಕ್, ಕಂಪನಿ ಪ್ಯಾಕೆಟ್, ಸೀಲೇ ಒಡೆದಿಲ್ಲ. ಆಸೆ ಆಯಿತು. ಆದರೆ ಆರ್‌ಎಕ್ಸ್ 100 ತಯಾರಿಕೆ ನಿಂತದ್ದು 1996ರಲ್ಲಿ. ಪ್ಯಾಕೆಟ್ ಒಳಗಿದ್ದರೂ ರಬ್ಬರ್‌ಗೆ ವಯಸ್ಸಾಗುತ್ತದೆ, ಅಲ್ವಾ? ಉಗುರು ಒತ್ತಿದೆ, ಕಲ್ಲಿನ ಹಾಗಿತ್ತು. ಬಿಟ್ಟುಬಂದೆ. ಇನ್ನೊಂದು ಅಂಗಡಿಯ ಡೂಪ್ಲಿಕೇಟ್ ಮೆತ್ತಗೇನೋ ಇತ್ತು, ಆದರೆ ಒಳಗಿನ ರಂಧ್ರ ರೀಡ್ ವಾಲ್ವ್ (ಗಾಳಿಯನ್ನು ಒಳಕ್ಕೆ ಮಾತ್ರ ಬಿಡುವ ತೆಳು ಪಟ್ಟಿಯ ಬಾಗಿಲು) ಬಾಯಿಗಿಂತ ಚಿಕ್ಕದು. ನಾನು ಹಳೇ ರಬ್ಬರ್ ಮತ್ತು ಕಾರ್ಬೊರೇಟರ್ ಎರಡನ್ನೂ ಚೀಲದಲ್ಲಿ ಒಯ್ದಿದ್ದೆ. ಕ್ಲಿಪ್ ಇಲ್ಲದೆಯೇ ಕಾರ್ಬೊರೇಟರ್ ಬಿಗಿಯಾಗಿ ಕೂರುವ, ಅಂಟಿನ ಗೆರೆ ಸುತ್ತಲೂ ಒಂದೇ ಸಮ ಇರುವ, ಉಗುರು ಒತ್ತಿದರೆ ಕೂಡಲೇ ವಾಪಸ್ ಬರುವ ಹೊಸ ತಯಾರಿಕೆಯದನ್ನೇ ಆರಿಸಿದೆ. ಕಾರ್ಬೊರೇಟರ್ ಇಲ್ಲದೆ ಈ ಸಾಮಾನು ಕೊಳ್ಳಲು ಹೋಗಬೇಡಿ.

ಹೊಸದರ ಅಲ್ಯೂಮಿನಿಯಂ ಮುಖವೂ ಸಪಾಟಾಗಿರಲಿಲ್ಲ. ಅದರ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದೆ. ದಪ್ಪ ಗಾಜಿನ ಮೇಲೆ 400 ನಂಬರಿನ ವಾಟರ್ ಪೇಪರ್ ಹಾಸಿ, ಎಂಟರ ಆಕಾರದಲ್ಲಿ ಮೆಲ್ಲಗೆ ಉಜ್ಜಿದೆ. ಎರಡು ಮೂಲೆಯ ಗೆರೆ ತಕ್ಷಣ ಹೋಯಿತು, ನಡುವಿನದು ಹೋಗಲು ಇಪ್ಪತ್ತು ನಿಮಿಷ ಹಿಡಿಯಿತು. ಬೋಲ್ಟ್ ಜಾಸ್ತಿ ಬಿಗಿದರೂ ಹೀಗೇ ಸೊಟ್ಟಗಾಗುತ್ತದೆ. ಎರಡೇ ಬೋಲ್ಟ್‌ನ ಫ್ಲ್ಯಾಂಜ್ (ಜೋಡಣೆಯ ಚಪ್ಪಟೆ ಅಂಚು) ಇರುವ ಹಳೇ ಕಾರ್ಬೊರೇಟರ್‌ಗಳಲ್ಲಂತೂ ಬೋಲ್ಟ್ ಕೂರುವ ಕಿವಿ ಎರಡೂ ಬಾಗಿಬಿಟ್ಟಿರುತ್ತವೆ.

ನಡುವೆ ಇಡುವ ಪ್ಯಾಕಿಂಗ್ (ಗ್ಯಾಸ್ಕೆಟ್) ಹೊಸದು ಹಾಕಿದೆ, ಒಣಗಿದ್ದ ಹಾಗೇ. ಸಿಲಿಕೋನ್ ಪೇಸ್ಟ್ ಬಳಿಯಲಿಲ್ಲ. ಪೆಟ್ರೋಲ್ ತಾಗಿದರೆ ಅದು ಉಬ್ಬಿ ಮೆತ್ತಗಾಗುತ್ತದೆ, ಕಿತ್ತ ಚೂರು ರೀಡ್‌ಗೆ ಸಿಕ್ಕಿಹಾಕಿಕೊಳ್ಳಬಹುದು. ಮುಖ ಸಪಾಟಾಗಿದ್ದರೆ ಪೇಸ್ಟ್‌ನ ಕೆಲಸವೇ ಇಲ್ಲ. ನಾಲ್ಕು ಬೋಲ್ಟನ್ನೂ ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿದು, ಸುಮಾರು 10 ನ್ಯೂಟನ್ ಮೀಟರ್‌ಗೆ ನಿಲ್ಲಿಸಿದೆ. ಏರ್ ಫಿಲ್ಟರ್ ಕಡೆಯ ರಬ್ಬರನ್ನೂ ಸರಿಯಾಗಿ ಕೂರಿಸಿದೆ. ಅದಿಲ್ಲದಿದ್ದರೆ ಕಾರ್ಬೊರೇಟರ್ ಭಾರವೆಲ್ಲ ಮ್ಯಾನಿಫೋಲ್ಡ್ ಕುತ್ತಿಗೆಗೆ ಜೋತುಬೀಳುತ್ತದೆ. ನನ್ನ ಬೈಕಿನಲ್ಲಿ ಅದು ಸಡಿಲವಾಗೇ ಇತ್ತು. ಬಿರುಕು ತಳದಲ್ಲಿ ಬಂದದ್ದು ಅದರಿಂದಲೇ ಅಂತ ನನ್ನ ಅಂದಾಜು.

ಮತ್ತೆ ಬಿಪಿ ಬಲ್ಬ್ ಒತ್ತಿದೆ. ಆರು ನಿಮಿಷಕ್ಕೆ ಮುಳ್ಳು 300ರಿಂದ 280ಕ್ಕೆ ಇಳಿದಿತ್ತು, ಅಷ್ಟೇ. ಆಮೇಲೆ ಕಂಪನಿ ಸೈಜಿನ ಜೆಟ್ ವಾಪಸ್ ಹಾಕಿದೆ. ಮೊದಲು ಸುಣ್ಣದಂತೆ ಬೆಳ್ಳಗಿರುತ್ತಿದ್ದ ಪ್ಲಗ್ ತುದಿ ಈಗ ಮಾರಿ ಬಿಸ್ಕತ್ತಿನ ಬಣ್ಣಕ್ಕೆ ಬಂದಿದೆ. ಆಕ್ಸಿಲರೇಟರ್ ಬಿಟ್ಟರೆ ರೇಸ್ ತಕ್ಷಣ ಕೂರುತ್ತದೆ. ಶಿರಾಡಿಯನ್ನೂ ಮತ್ತೊಮ್ಮೆ ಇಳಿದು ಬಂದೆ, ನಡುನಡುವೆ ಸ್ವಲ್ಪ ಆಕ್ಸಿಲರೇಟರ್ ಕೊಡುತ್ತಾ. ಈಗ ಪ್ರತಿ ವರ್ಷ ಆಯುಧ ಪೂಜೆಗೆ ಬೈಕ್ ತೊಳೆಯುವಾಗ ಕಾರ್ಬೊರೇಟರ್ ಕಳಚಿ, ಆ ರಬ್ಬರನ್ನು ಹೆಬ್ಬೆರಳಲ್ಲಿ ಬಗ್ಗಿಸಿ ತಳಭಾಗ ನೋಡಿದ ಮೇಲೇ ಕುಂಕುಮ ಇಡುತ್ತೇನೆ.