ಆರತಕ್ಷತೆಯ ರಾತ್ರಿ ಬಣ್ಣ ಇಳಿಸುವ ಕೆಲಸ: ಕ್ಲೆನ್ಸಿಂಗ್ ಆಯಿಲ್ ಜೊತೆ ನನ್ನ ಅನುಭವ

ದಾವಣಗೆರೆ ಕಡೆಯ ಮದುವೆಗಳಲ್ಲಿ ಆರತಕ್ಷತೆ ಹಿಂದಿನ ಸಂಜೆಯೇ ನಡೆದು, ಮುಹೂರ್ತ ಮರುದಿನ ಬೆಳಗ್ಗೆ ಇರುವುದು ವಾಡಿಕೆ. ಮದುಮಗಳ ಅಲಂಕಾರವನ್ನು ಒಪ್ಪಿಕೊಂಡ ನನ್ನಂಥವರಿಗೆ ಇದರ ಅರ್ಥ ಇಷ್ಟೇ: ವೇದಿಕೆಯ ದೀಪಗಳ ಕೆಳಗೆ ಗಂಟೆಗಟ್ಟಲೆ ನಿಂತು, ರಾತ್ರಿ ಹನ್ನೊಂದರ ಮೇಲೆ ಕೋಣೆಗೆ ಬರುವ ಹುಡುಗಿಯ ಮುಖದಿಂದ ಬಣ್ಣವೆಲ್ಲ ಇಳಿಯಬೇಕು, ಚರ್ಮ ಕೆಂಪಾಗಬಾರದು, ಉರಿಯಬಾರದು, ಮತ್ತು ಅವಳು ನಾಲ್ಕು ತಾಸು ಕಣ್ಣು ಮುಚ್ಚಿ ಎದ್ದ ಮೇಲೆ ಅದೇ ಮುಖದ ಮೇಲೆ ಹೊಸ ಫೌಂಡೇಶನ್ ತೇಪೆ ತೇಪೆಯಾಗದೆ ಕೂರಬೇಕು. ಬೆಳಗಿನ ಮೇಕಪ್ ಚೆನ್ನಾಗಿ ಬಂದಿತೆಂದು ಹೊಗಳುವವರಲ್ಲಿ ಯಾರಿಗೂ ಅದರ ಅರ್ಧ ಕೆಲಸ ಹಿಂದಿನ ರಾತ್ರಿಯೇ ಮುಗಿದಿತ್ತೆಂಬುದು ತಿಳಿದಿರುವುದಿಲ್ಲ. ಬಣ್ಣ ಹಚ್ಚುವುದನ್ನು ಕಲಿಸುವ ತರಗತಿಗಳು ನಮ್ಮ ಊರಿನಲ್ಲಿ ಬೇಕಾದಷ್ಟಿವೆ. ತೆಗೆಯುವುದನ್ನು ಮಾತ್ರ ಕೊನೆಯ ದಿನದ ಕೊನೆಯ ಹತ್ತು ನಿಮಿಷಕ್ಕೆ ತಳ್ಳುತ್ತಾರೆ.

ಇಂದಿನ ಮದುಮಗಳ ಮೇಕಪ್ ನೀರಿಗೆ ಜಗ್ಗುವ ವಸ್ತುವಲ್ಲ. ಬೆವರಿಗೂ ಕಣ್ಣೀರಿಗೂ ಕರಗದಿರಲೆಂದೇ ಅದನ್ನು ತಯಾರಿಸಿರುತ್ತಾರೆ. ಮಸ್ಕಾರಾದಲ್ಲಿ ಮೇಣವಿರುತ್ತದೆ, ತುಟಿಯ ಲಿಕ್ವಿಡ್ ಲಿಪ್‌ಸ್ಟಿಕ್‌ನಲ್ಲೂ ದೀರ್ಘಕಾಲ ನಿಲ್ಲುವ ಫೌಂಡೇಶನ್‌ನಲ್ಲೂ ಬೇಗ ಆರಿಹೋಗುವ ದ್ರಾವಕವೊಂದು ಹಾರಿಹೋದ ಮೇಲೆ ಚರ್ಮಕ್ಕೆ ಅಂಟಿ ಉಳಿಯುವ ಸಿಲಿಕೋನ್ ಪೊರೆಯಿರುತ್ತದೆ. ಇದನ್ನು ವೆಟ್ ವೈಪ್ಸ್‌ನಿಂದ ಉಜ್ಜಿದರೆ ಬಣ್ಣ ಅರ್ಧ ಬಟ್ಟೆಗೆ ಬರುತ್ತದೆ, ಉಳಿದರ್ಧ ಮುಖದ ತುಂಬ ಹರಡುತ್ತದೆ, ಜೊತೆಗೆ ಕಣ್ಣಿನ ಕೆಳಗಿನ ತೆಳ್ಳಗಿನ ಚರ್ಮ ಕೆಂಪೇರುತ್ತದೆ. ಕೊಳೆ ಎತ್ತುವ ಸೌಮ್ಯ ಪದಾರ್ಥ ಬೆರೆಸಿದ ನೀರಾದ ಮೈಸೆಲ್ಲರ್ ವಾಟರ್ ದಿನನಿತ್ಯದ ತೆಳುವಾದ ಮೇಕಪ್‌ಗೆ ಸಾಕಾದರೂ ಮದುವೆಯ ಮುಖಕ್ಕೆ ಹತ್ತಿಯ ಉಂಡೆಗಳ ರಾಶಿಯನ್ನೇ ಬೇಡುತ್ತದೆ, ಮತ್ತು ಪ್ರತಿಯೊಂದು ಉಂಡೆಯೂ ಚರ್ಮದ ಮೇಲೆ ಇನ್ನೊಂದು ಉಜ್ಜಾಟವೇ.

ಎಣ್ಣೆಯಿಂದ ಬಣ್ಣ ಬಿಡಿಸುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಚಿಂದೋಡಿ ಲೀಲಾ ಅವರಂಥ ರಂಗಕಲಾವಿದೆಯನ್ನು ಕಂಡ ಊರು ಇದು. ವೃತ್ತಿ ನಾಟಕ ಕಂಪನಿಗಳ ಬಣ್ಣದ ಮನೆಗಳಲ್ಲಿ ನಾಟಕ ಮುಗಿದೊಡನೆ ಕೊಬ್ಬರಿ ಎಣ್ಣೆಯ ಬಟ್ಟಲು ಮತ್ತು ಹಳೆಯ ಪಂಚೆಯ ತುಂಡು ಕೈಯಿಂದ ಕೈಗೆ ಹೋಗುತ್ತಿದ್ದವು. ಹವ್ಯಾಸಿ ತಂಡಗಳಿಗೆ ಮುಖವರ್ಣಿಕೆ ಮಾಡುವ ಹಿರಿಯರೊಬ್ಬರ ಕೈಕೆಳಗೆ ನಾನು ಕೆಲಸ ಆರಂಭಿಸಿದಾಗಲೂ ಅದೇ ಕ್ರಮವಿತ್ತು. ಸಫೇದ ಎಂದು ಕರೆಯುವ ಸತುವಿನ ಆಕ್ಸೈಡ್ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿದ್ದಾಗ ಅದನ್ನು ಸಡಿಲಿಸಲು ಎಣ್ಣೆಯೇ ಬೇಕು. ಹಿರಿಯರ ಲೆಕ್ಕ ಅಷ್ಟರ ಮಟ್ಟಿಗೆ ಸರಿಯಾಗಿಯೇ ಇತ್ತು. ತೊಡಕು ಇರುವುದು ಅದರ ಮುಂದಿನ ಹಂತದಲ್ಲಿ. ಕೊಬ್ಬರಿ ಎಣ್ಣೆ ಬಣ್ಣವನ್ನು ಬಿಡಿಸುತ್ತದೆಯೇ ಹೊರತು ತಾನು ಮುಖ ಬಿಟ್ಟು ಹೋಗುವುದಿಲ್ಲ. ಅದನ್ನು ಕಳೆಯಲು ಬಟ್ಟೆಯಿಂದ ಒರೆಸಿ, ಆಮೇಲೆ ಸೋಪು ಹಚ್ಚಿ ತಿಕ್ಕಬೇಕು. ಚರ್ಮದ ಸಹಜವಾದ ಪಿಎಚ್ (ಆಮ್ಲ-ಕ್ಷಾರದ ಅಳತೆ) ಸುಮಾರು 5ರ ಆಸುಪಾಸಿನಲ್ಲಿದ್ದರೆ, ಸಾಮಾನ್ಯ ಸೋಪಿನದು 9ರಿಂದ 10. ಒಂದು ರಾತ್ರಿ ಎರಡು ಸಲ ಸೋಪು ಹಾಕಿ ತೊಳೆದ ಮುಖ ಬೆಳಗ್ಗೆ ಬಿಗಿದುಕೊಂಡು, ಮೂಗಿನ ಪಕ್ಕದಲ್ಲಿ ಸಿಪ್ಪೆಯೇಳುವುದು ಆಶ್ಚರ್ಯವೇನಲ್ಲ.

ಕ್ಲೆನ್ಸಿಂಗ್ ಆಯಿಲ್ ಬೇರೆಯಾಗುವುದು ಈ ಎರಡನೆಯ ಹಂತದಲ್ಲಿಯೇ. ಅದರಲ್ಲಿ ಎಣ್ಣೆಯ ಜೊತೆಗೆ ಎಮಲ್ಸಿಫೈಯರ್ ಇರುತ್ತದೆ. ಎಣ್ಣೆಗೊಂದು ತುದಿಯನ್ನೂ ನೀರಿಗೊಂದು ತುದಿಯನ್ನೂ ಚಾಚಿ ಎರಡನ್ನೂ ಹಿಡಿದುಕೊಳ್ಳುವ ವಸ್ತು ಅದು. ಯುಗಾದಿಯ ಅಭ್ಯಂಜನದಲ್ಲಿ ಎಣ್ಣೆಯ ಮೈಗೆ ಸೀಗೆಕಾಯಿ ಮಾಡುವ ಕೆಲಸವನ್ನು ಇಲ್ಲಿ ಬಾಟಲಿಯೊಳಗೇ ಬೆರೆಸಿಟ್ಟಿರುತ್ತಾರೆಂದು ನಾನು ಮದುಮಗಳ ತಾಯಂದಿರಿಗೆ ಹೇಳುತ್ತೇನೆ, ಅವರಿಗೆ ತಕ್ಷಣ ಅರ್ಥವಾಗುತ್ತದೆ. ಈ ಬಗೆಯ ಎಣ್ಣೆಯನ್ನು ಜನಪ್ರಿಯಗೊಳಿಸಿದವರು ಹಾಲಿವುಡ್‌ನಲ್ಲಿ ಕೆಲಸ ಮಾಡಿದ್ದ ಜಪಾನಿನ ಮೇಕಪ್ ಕಲಾವಿದ ಶು ಉಎಮುರಾ. 1967ರಲ್ಲಿ ಅವರು ತಮ್ಮ ಕ್ಲೆನ್ಸಿಂಗ್ ಆಯಿಲ್ ಅನ್ನು ಮಾರುಕಟ್ಟೆಗೆ ತಂದರು. ದಿನಕ್ಕೆ ಹಲವು ಬಾರಿ ಮುಖಗಳಿಗೆ ಬಣ್ಣ ಹಚ್ಚಿ ತೆಗೆಯುವವರ ಕೈಯಿಂದಲೇ ಇದು ಬಂದಿತೆಂಬುದು ನನಗೆ ಸಹಜವಾಗಿ ಕಾಣುತ್ತದೆ.

ನಾನು ಅನುಸರಿಸುವ ಕ್ರಮವನ್ನು ವಿವರವಾಗಿಯೇ ಹೇಳುತ್ತೇನೆ. ಮೊದಲು ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಮದುಮಗಳೇ ಕೈತೊಳೆದು ತೆಗೆಯುತ್ತಾಳೆ. ಎಣ್ಣೆ ತಾಗಿದ ಲೆನ್ಸ್ ಮಂಜಾಗುತ್ತದೆ. ಕೂದಲನ್ನು ಹಿಂದಕ್ಕೆ ಕಟ್ಟಿ, ಕತ್ತಿನ ಸುತ್ತ ಟವೆಲ್ ಹಾಕಿ, ನನ್ನ ಕೈಗಳನ್ನು ತೊಳೆದು ಪೂರ್ತಿ ಒರೆಸಿಕೊಳ್ಳುತ್ತೇನೆ. ಮುಖವೂ ಒಣಗಿರಬೇಕು, ಬೆವರಿದ್ದರೆ ಟಿಶ್ಯೂವನ್ನು ಒತ್ತಿ ತೆಗೆಯಬೇಕು. ಒಣಗಿರಬೇಕೆಂಬ ಈ ಒಂದು ಮಾತನ್ನು ಬಾಟಲಿಯ ಮೇಲೆ ಅಚ್ಚು ಹಾಕಿದ್ದರೂ ಹೆಚ್ಚಿನವರು ಓದುವುದಿಲ್ಲ. ಮೊದಲೇ ನೀರು ಸೇರಿದರೆ ಎಮಲ್ಸಿಫೈಯರ್ ಆ ನೀರಿನ ಜೊತೆ ಕೈಜೋಡಿಸಿಬಿಡುತ್ತದೆ, ಎಣ್ಣೆಗೆ ಮೇಣವನ್ನೂ ಸಿಲಿಕೋನನ್ನೂ ಕರಗಿಸುವ ಅವಕಾಶವೇ ಸಿಗುವುದಿಲ್ಲ. ಎಣ್ಣೆ ಕೆಲಸ ಮಾಡಲಿಲ್ಲವೆಂದು ನನ್ನ ಬಳಿ ದೂರು ತಂದವರಲ್ಲಿ ಹೆಚ್ಚಿನವರು ಸ್ನಾನದ ಮನೆಯಲ್ಲಿ ಒದ್ದೆ ಕೈಯಿಂದ ಹಚ್ಚಿಕೊಂಡವರೇ.

ಎರಡು ಮೂರು ಪಂಪಿನಷ್ಟು ಎಣ್ಣೆಯನ್ನು ಅಂಗೈಗೆ ಹಾಕಿಕೊಂಡು, ಮೊದಲು ಕೆನ್ನೆ, ಹಣೆ, ಗಲ್ಲ, ಆಮೇಲೆ ಮೂಗಿನ ಇಕ್ಕೆಲ ಮತ್ತು ಕತ್ತು, ಹೀಗೆ ಬೆರಳ ತುದಿಗಳಿಂದ ಸಣ್ಣ ಸಣ್ಣ ವೃತ್ತಗಳಲ್ಲಿ ತಿರುಗಿಸುತ್ತೇನೆ. ಎಣ್ಣೆ ಕಡಿಮೆಯಾಗಿ ಬೆರಳು ಎಳೆಯತೊಡಗಿದರೆ ಇನ್ನೊಂದು ಪಂಪ್ ಹಾಕುವುದೇ ಸರಿ. ಇಲ್ಲಿ ಜಿಪುಣತನ ಮಾಡಿದರೆ ಚರ್ಮವೇ ಬೆಲೆ ತೆರುತ್ತದೆ. ಒಂದು ನಿಮಿಷ ಸಾಕು. ಹೆಚ್ಚು ಹೊತ್ತು ಮಾಲಿಶ್ ಮಾಡಿದರೆ ಹೊಳಪು ಬರುತ್ತದೆಂಬ ನಂಬಿಕೆಯಿದೆ, ಆದರೆ ಕರಗಿದ ಬಣ್ಣವನ್ನು ರಂಧ್ರಗಳ ಮೇಲೆ ಸುಮ್ಮನೆ ತಿರುಗಿಸುತ್ತ ಕೂರುವುದರಿಂದ ಏನೂ ಬರುವುದಿಲ್ಲ. ಕಣ್ಣನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಅಂಟಿಸಿದ ರೆಪ್ಪೆಗಳ ಬುಡಕ್ಕೆ ಎಣ್ಣೆಯನ್ನು ಸವರಿ, ಅವಳು ಕಣ್ಣು ಮುಚ್ಚಿಕೊಂಡಿರುವಂತೆಯೇ ಅರ್ಧ ನಿಮಿಷ ಬಿಟ್ಟರೆ ಅಂಟು ಸಡಿಲವಾಗಿ ರೆಪ್ಪೆ ತಾನಾಗಿ ಜಾರುತ್ತದೆ. ಎಳೆದು ಕಿತ್ತರೆ ಅವಳ ಸ್ವಂತ ರೆಪ್ಪೆಗೂದಲೂ ಜೊತೆಗೆ ಬರುತ್ತದೆ. ಮಸ್ಕಾರಾವನ್ನು ಮೇಲಿನಿಂದ ಕೆಳಕ್ಕೆ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು ಬಿಡಿಸುತ್ತೇನೆ. ಆ ಹೊತ್ತಿಗೆ ಮುಖ ನೋಡುವಂತಿರುವುದಿಲ್ಲ, ಕನ್ನಡಿಯನ್ನು ಆಚೆ ತಿರುಗಿಸಿಡುವುದು ಒಳ್ಳೆಯದು.

ಇನ್ನು ನೀರಿನ ಸರದಿ. ನನ್ನ ತಿಳಿವಳಿಕೆಯಲ್ಲಿ ಇಡೀ ಕೆಲಸದ ಕೌಶಲ ಇಲ್ಲಿಯೇ ಇದೆ. ನೇರವಾಗಿ ನಲ್ಲಿಯ ಕೆಳಗೆ ಮುಖವೊಡ್ಡಬಾರದು. ಬೆರಳ ತುದಿಗಳನ್ನಷ್ಟೇ ಬೆಚ್ಚಗಿನ ನೀರಿನಲ್ಲಿ ಅದ್ದಿ, ಮುಖದ ಮೇಲಿನ ಎಣ್ಣೆಯ ಮೇಲೆ ಮತ್ತೆ ಅದೇ ವೃತ್ತಗಳನ್ನು ತಿರುಗಿಸಬೇಕು. ಮೊದಲಿಗೆ ಎಣ್ಣೆ ಸ್ವಲ್ಪ ದಪ್ಪವಾದಂತೆ ತೋರುತ್ತದೆ, ಏಕೆಂದರೆ ಆಗ ಎಣ್ಣೆಯೊಳಗೆ ನೀರಿನ ಹನಿಗಳು ಸೇರಿರುತ್ತವೆ. ಮತ್ತೆ ಬೆರಳು ಅದ್ದಿ ತಿರುಗಿಸುತ್ತ ಹೋದಂತೆ ಒಂದು ಹಂತದಲ್ಲಿ ಎಲ್ಲ ತಲೆಕೆಳಗಾಗಿ, ನೀರಿನೊಳಗೆ ಎಣ್ಣೆಯ ಹನಿಗಳು ಬಂದು, ಮುಖದ ಮೇಲಿನದೆಲ್ಲ ತೆಳ್ಳಗೆ ಹಾಲಿನಂತೆ ಬೆಳ್ಳಗಾಗುತ್ತದೆ. ಬೆರಳಿನ ಅಡಿಯಲ್ಲಿ ಜಿಡ್ಡು ಹೋಗಿ ನೀರಿನ ಸ್ಪರ್ಶ ಬಂದಾಗ ಅದು ಆಯಿತೆಂದು ತಿಳಿಯುತ್ತದೆ. ಹಣೆಯ ಕೂದಲಂಚು, ಮೂಗಿನ ಮೂಲೆ, ದವಡೆಯ ಕೆಳಗೆ, ಕಿವಿಯ ಮುಂದೆ, ಈ ಜಾಗಗಳು ಬೆಳ್ಳಗಾದವೇ ಎಂದು ಒಂದೊಂದಾಗಿ ನೋಡಬೇಕು. ಅಲ್ಲಿ ಉಳಿದ ಎಣ್ಣೆಯೇ ಮೂರು ದಿನದ ಮೇಲೆ ಗುಳ್ಳೆಯಾಗಿ ಏಳುವುದು, ಆಗ ಬೈಗುಳ ಬಾಟಲಿಗೆ. ಆಮೇಲೆ ಧಾರಾಳವಾಗಿ ನೀರು ಹಾಕಿ ತೊಳೆಯಬಹುದು.

ಈ ನೀರು ಎಂಥದು ಎಂಬುದು ನಮ್ಮ ಸೀಮೆಯಲ್ಲಿ ಸಣ್ಣ ಪ್ರಶ್ನೆಯಲ್ಲ. ಊರೊಳಗೆ ಭದ್ರಾ ನಾಲೆಯಿಂದ ತುಂಬುವ ಕುಂದುವಾಡ ಕೆರೆಯ ನೀರೋ ತುಂಗಭದ್ರೆಯ ನೀರೋ ಬರುವ ಮನೆಗಳಲ್ಲಿ ತೊಂದರೆಯಿಲ್ಲ. ಊರಾಚೆಯ ಕಲ್ಯಾಣ ಮಂಟಪಗಳಲ್ಲಿ, ಅದರಲ್ಲೂ ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು ದಿಕ್ಕಿನಲ್ಲಿ, ಬಹುಪಾಲು ಗಡಸಾದ ಬೋರ್‌ವೆಲ್ ನೀರೇ ಗತಿ. ಕ್ಲೆನ್ಸಿಂಗ್ ಆಯಿಲ್‌ನಲ್ಲಿ ಸಾಮಾನ್ಯವಾಗಿ ಬಳಸುವ ಎಮಲ್ಸಿಫೈಯರ್‌ಗಳು ವಿದ್ಯುದಂಶವಿಲ್ಲದ ಬಗೆಯವು, ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅವುಗಳನ್ನು ಹೆಚ್ಚು ಕಾಡುವುದಿಲ್ಲ. ಸೋಪಿನ ಕತೆ ಹಾಗಲ್ಲ: ಗಡಸು ನೀರಿನಲ್ಲಿ ಅದು ಕರಗದ ಕಿಟ್ಟವಾಗಿ, ಬಕೆಟ್ಟಿನ ಅಂಚಿಗೆ ಹತ್ತುವಂತೆಯೇ ಚರ್ಮಕ್ಕೂ ಹತ್ತಿಕೊಳ್ಳುತ್ತದೆ. ಆದ್ದರಿಂದ ಎಣ್ಣೆಯ ನಂತರದ ಎರಡನೆಯ ತೊಳೆತಕ್ಕೆ ನಾನು ಸೋಪನ್ನು ಮುಟ್ಟುವುದಿಲ್ಲ, ನೊರೆ ಕಡಿಮೆ ಬರುವ, ಪಿಎಚ್ ಕಡಿಮೆಯಿರುವ ಫೇಸ್‌ವಾಶ್ ಅನ್ನು ಕಡಲೆ ಕಾಳಿನಷ್ಟು ಬಳಸುತ್ತೇನೆ. ಕೊನೆಯ ಬಾರಿ ಮುಖಕ್ಕೆ ಹಾಕಲು ಕುಡಿಯುವ ನೀರಿನ ಕ್ಯಾನಿನಿಂದ ಒಂದು ಚೊಂಬು ತೆಗೆದಿಡುವುದೂ, ಪುಷ್ಯ ಮಾಘದ ಚಳಿಗೆ ಫ್ಲಾಸ್ಕಿನಲ್ಲಿ ಬಿಸಿನೀರು ಒಯ್ಯುವುದೂ ರೂಢಿಯಾಗಿಬಿಟ್ಟಿದೆ. ತಣ್ಣೀರಿನಲ್ಲಿ ಮೇಣ ಮತ್ತೆ ಗಟ್ಟಿಯಾಗುತ್ತದೆ, ಸುಡುನೀರು ಚರ್ಮವನ್ನು ಒಣಗಿಸುತ್ತದೆ, ಬೆಚ್ಚಗಿದ್ದರೆ ಸಾಕು.

ಮೇಕಪ್ ತೆಗೆಯುವುದಕ್ಕಿಂತ ಬೇರೆಯಾದ ಒಂದು ಉಪಯೋಗವೂ ಇದೆ. ಅರಿಶಿನ ಶಾಸ್ತ್ರದ ದಿನ ಹಚ್ಚಿದ ಅರಿಶಿನ ಎಷ್ಟು ತೊಳೆದರೂ ಕಿವಿಯ ಹಿಂದೆ, ಕೂದಲಂಚಿನಲ್ಲಿ ಹಳದಿಯಾಗಿ ಉಳಿದು, ಸಂಜೆಯ ಫೌಂಡೇಶನ್‌ನ ಬಣ್ಣವನ್ನೇ ಕೆಡಿಸುತ್ತದೆ. ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ನೀರಿನಲ್ಲಿ ಬಹುತೇಕ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಒಣ ಮುಖಕ್ಕೆ ಎಣ್ಣೆ, ಆಮೇಲೆ ಬೆರಳ ನೀರು, ಹೀಗೆ ಒಂದು ಸುತ್ತು ಮಾಡಿದರೆ ಹಳದಿ ಸಾಕಷ್ಟು ಇಳಿಯುತ್ತದೆ. ಸ್ಟಿಕ್ಕರ್ ಬಿಂದಿಯ ಅಂಟಿಗೂ ಇದೇ ಮದ್ದು. ಕೆಲವು ಬಿಂದಿಗಳ ಅಂಟಿನಲ್ಲಿರುವ ಪಿಟಿಬಿಪಿ ಎಂಬ ರಾಸಾಯನಿಕದಿಂದ ಹಣೆಯ ಆ ಜಾಗ ಬಿಳಿಚಿಕೊಳ್ಳಬಲ್ಲದೆಂದು ಚರ್ಮವೈದ್ಯರು ಗುರುತಿಸಿರುವುದರಿಂದ, ಅಂಟಿನ ಪಸೆಯನ್ನು ರಾತ್ರಿಯೆಲ್ಲ ಬಿಡದೆ ತೆಗೆಯುವುದು ನನ್ನ ಹಟ.

ಚಳ್ಳಕೆರೆಯಂಥ ಎಣ್ಣೆ ಗಿರಣಿಗಳ ಊರು ಪಕ್ಕದಲ್ಲಿರುವಾಗ ದುಬಾರಿ ಬಾಟಲಿ ಏಕೆ, ಗಾಣದ ಶೇಂಗಾ ಎಣ್ಣೆ ಸಾಲದೇ ಎಂದು ಕೇಳುವವರು ಪ್ರತಿ ಮದುವೆಯಲ್ಲೂ ಒಬ್ಬರಾದರೂ ಇರುತ್ತಾರೆ. ಬಣ್ಣ ಬಿಡಿಸಲು ಸಾಕು, ಆದರೆ ತೊಳೆದುಹೋಗಲು ಸಾಲದು. ಅದರ ವಾಸನೆ ಬೆಳಗಿನವರೆಗೆ ಬಿಡುವುದಿಲ್ಲ, ಶೇಂಗಾ ಅಲರ್ಜಿಯುಳ್ಳವರ ಮುಖಕ್ಕಂತೂ ಗಾಣದ ಎಣ್ಣೆ ಸಲ್ಲದು. ಮನೆಯಲ್ಲೇ ಮಾಡಬೇಕೆನ್ನುವವರಿಗೆ ನಾನು ಹೇಳುವ ಪ್ರಮಾಣ 85 ಮಿಲಿ ಶುದ್ಧೀಕರಿಸಿದ ಸೂರ್ಯಕಾಂತಿ ಎಣ್ಣೆಗೆ 15 ಮಿಲಿ ಪಾಲಿಸಾರ್ಬೇಟ್ 80 ಎಂಬ ಎಮಲ್ಸಿಫೈಯರ್. ಎರಡೂ ಪೂರ್ತಿ ಬೆರೆತು ನಿಲ್ಲುವುದಿಲ್ಲ, ಪ್ರತಿ ಸಲ ಅಲುಗಾಡಿಸಬೇಕು. ಕಂಪನಿಯ ಎಣ್ಣೆಯಷ್ಟು ಚೊಕ್ಕವಾಗಿ ತೊಳೆದುಹೋಗುವುದೂ ಇಲ್ಲ. ದಿನವೂ ಸನ್‌ಸ್ಕ್ರೀನ್ ಹಚ್ಚಿ ಧೂಳಿನಲ್ಲಿ ಓಡಾಡುವವರ ಸಂಜೆಯ ತೊಳೆತಕ್ಕೆ ಅಷ್ಟು ಸಾಕಾಗುತ್ತದೆ, ಮದುವೆಯ ಮುಖಕ್ಕೆ ನಾನು ಅದನ್ನು ಬಳಸುವುದಿಲ್ಲ.

ಕೊಳ್ಳುವ ಬಾಟಲಿಯ ಹಿಂಬದಿಯಲ್ಲಿ ನಾನು ನೋಡುವುದು ಎಮಲ್ಸಿಫೈಯರ್ ಇದೆಯೇ ಎಂಬುದನ್ನು ಮಾತ್ರ. ಪಿಇಜಿ, ಪಾಲಿಗ್ಲಿಸರಿಲ್, ಸೋರ್ಬೆತ್, ಪಾಲಿಸಾರ್ಬೇಟ್ ಎಂದು ಆರಂಭವಾಗುವ ಹೆಸರೊಂದು ಅಲ್ಲಿರಬೇಕು. ಎಣ್ಣೆಗಳ ಹೆಸರುಗಳ ಉದ್ದ ಪಟ್ಟಿಯಷ್ಟೇ ಇದ್ದು ಇವುಗಳಲ್ಲಿ ಒಂದೂ ಇಲ್ಲದಿದ್ದರೆ ಅದು ಮಾಲಿಶ್ ಎಣ್ಣೆ, ಮುಚ್ಚಳದ ಮೇಲೆ ಏನೇ ಬರೆದಿರಲಿ. ಪೆಟ್ರೋಲಿಯಂನಿಂದ ತೆಗೆಯುವ ಮಿನರಲ್ ಆಯಿಲ್‌ನ ಹೆಸರು ಕಂಡೊಡನೆ ಬಾಟಲಿಯನ್ನು ಕೆಳಗಿಡುವವರಿದ್ದಾರೆ. ಸೌಂದರ್ಯವರ್ಧಕಗಳಿಗಾಗಿ ಶುದ್ಧೀಕರಿಸಿದ ಮಿನರಲ್ ಆಯಿಲ್ ಚರ್ಮವನ್ನು ಕೆರಳಿಸುವುದು ಬಹಳ ಕಡಿಮೆ, ಬೇಗ ಕಮಟಾಗುವುದೂ ಇಲ್ಲ, ಬೆಲೆಯೂ ಕೈಗೆಟುಕುತ್ತದೆ. ನನ್ನ ಪೆಟ್ಟಿಗೆಯಲ್ಲಿ ಅಂಥದ್ದೇ ಇದೆ. ಗಾಢ ಪರಿಮಳದ್ದನ್ನು ಮಾತ್ರ ಕಣ್ಣಿನ ಹತ್ತಿರ ತರುವುದಿಲ್ಲ. ಡಬ್ಬಿಯಲ್ಲಿ ಬರುವ ಕ್ಲೆನ್ಸಿಂಗ್ ಬಾಮ್ ಕೂಡ ಇದೇ ಕೆಲಸ ಮಾಡುತ್ತದೆ, ಆದರೆ ವೈಶಾಖದ ಮದುವೆಗಳಿಗೆ ಬಿಸಿಲಿನಲ್ಲಿ ಕಾರಿನೊಳಗೆ ಒಯ್ದ ಬಾಮ್ ನೀರಾಗಿ ಪೆಟ್ಟಿಗೆಯ ಬ್ರಶ್‌ಗಳಿಗೆಲ್ಲ ಸ್ನಾನ ಮಾಡಿಸುತ್ತದೆ.

ಕೆಲವರಿಗೆ ಈ ಎಣ್ಣೆ ಬೇಡವೆಂದು ನಾನೇ ಹೇಳುತ್ತೇನೆ. ಪಾರ್ಲರಿನಲ್ಲಿ ಒಂದೊಂದಾಗಿ ಅಂಟಿಸಿದ ಲ್ಯಾಶ್ ಎಕ್ಸ್‌ಟೆನ್ಶನ್ ಇರುವವರ ಕಣ್ಣಿಗೆ ಎಣ್ಣೆ ತಾಗಿಸಿದರೆ ಅಂಟು ಸೋಲುತ್ತದೆ. ಮೊಡವೆಗೆ ವೈದ್ಯರ ಔಷಧಿ ಹಚ್ಚುತ್ತಿರುವವರು ಅವರನ್ನೇ ಕೇಳಿಕೊಂಡು ಬರಬೇಕು. ಉಳಿದವರಿಗೆ ಮದುವೆಗೆ ಒಂದು ವಾರ ಮುಂಚೆ, ಮೇಕಪ್ ಪರೀಕ್ಷೆಗೆ ಬಂದ ದಿನವೇ, ಕಿವಿಯ ಹಿಂದೆ ಒಂದು ತೊಟ್ಟು ಹಚ್ಚಿ ತೊಳೆದು ಕಳುಹಿಸುತ್ತೇನೆ. ಎರಡು ದಿನ ಕೆರೆತವೋ ಕೆಂಪೋ ಕಾಣದಿದ್ದರೆ ಮುಂದಿನ ಮಾತು. ಬಾಟಲಿ ಯಾವಾಗಲೂ ಪಂಪ್ ಇರುವಂಥದ್ದೇ ಇರಲಿ, ಏಕೆಂದರೆ ಒದ್ದೆ ಬೆರಳಿನಿಂದ ಒಳಗೆ ಸೇರುವ ನೀರು ಎಣ್ಣೆಯನ್ನು ಕಲಕಿ ಕೆಡಿಸುತ್ತದೆ. ತೆರೆದ ತಿಂಗಳನ್ನು ಬಾಟಲಿಯ ತಳದಲ್ಲಿ ಮಾರ್ಕರಿನಿಂದ ಬರೆದಿಟ್ಟು, ಕಮಟು ವಾಸನೆ ಬಂದ ದಿನ ಎಷ್ಟೇ ಉಳಿದಿದ್ದರೂ ಅದನ್ನು ಬ್ರಶ್ ತೊಳೆಯುವ ಕೆಲಸಕ್ಕೆ ಬದಿಗಿಡುತ್ತೇನೆ.