ಕಚ್ಚಿಕೊಂಡ ಬೋಲ್ಟು ಬಿಚ್ಚಿದ ಐದು ದಿನ

ತುಳುನಾಡಿನ ಆಟಿ ತಿಂಗಳ ಮಳೆಗೆ ಕಡಲು ಒರಟಾದಾಗ ಕಾಸರಗೋಡಿನ ಕೊಯ್ಪಾಡಿಯಲ್ಲಿ ನಮ್ಮ ಫೈಬರ್ ದೋಣಿಯನ್ನು ದಡಕ್ಕೆ ಎಳೆದು ಟಾರ್ಪಾಲಿನ ಅಡಿಯಲ್ಲಿ ನಿಲ್ಲಿಸುತ್ತೇವೆ. ಕಳೆದ ವರ್ಷ ಹಾಗೆ ನಿಲ್ಲಿಸಿದ ಮೇಲೆ ನೋಡಿದರೆ, ಮುಂಭಾಗದ ಎಡಗಡೆಯ ಕ್ಲೀಟು, ಎಂದರೆ ಹಗ್ಗ ಸುತ್ತಿ ಕಟ್ಟುವ ಎರಡು ಕೊಂಬಿನ ಅಲ್ಯೂಮಿನಿಯಂ ತುಂಡು, ಬುಡದಲ್ಲಿ ಬಿರುಕು ಬಿಟ್ಟಿತ್ತು. ಅದು ಮುರಿದು ಹಗ್ಗ ಕಳಚಿದರೆ ದೋಣಿ ಅಳಿವೆಯ ಸೆಳೆತದ ಪಾಲು. ನಾಲ್ಕು ಬೋಲ್ಟು ಬಿಚ್ಚಿ ಹೊಸದನ್ನು ಕೂರಿಸಲು ಅರ್ಧ ದಿನ ಸಾಕು ಎಂದುಕೊಂಡಿದ್ದೆ.

ಎರಡು ಬೋಲ್ಟುಗಳು ತಕರಾರಿಲ್ಲದೆ ಬಂದವು. ಮೂರನೆಯದಕ್ಕೆ ಅಳಿಯ ಸ್ಪ್ಯಾನರಿನ ಹಿಡಿಗೆ ಪೈಪು ತೂರಿಸಿ ಜಗ್ಗಿದ. ಟಕ್ಕೆಂದು ಸದ್ದಾಯಿತು. “ಬಂತು ಮಾವ” ಎಂದ. ಬೋಲ್ಟಿನ ತಲೆ ಮಾತ್ರ ಅವನ ಕೈಗೆ ಬಂದಿತ್ತು. ತಪ್ಪು ಅವನದಲ್ಲ. ಬೋಲ್ಟು ಎಲ್ಲಿ ಹಿಡಿದುಕೊಂಡಿದೆ ಎಂದು ನೋಡದೆ ಬಲ ಹಾಕಲು ಬಿಟ್ಟವನು ನಾನು.

ಬೋಲ್ಟು ಎರಡು ಕಡೆ ಕಚ್ಚಿಕೊಳ್ಳಬಹುದು. ಸ್ಟೇನ್‌ಲೆಸ್ ಬೋಲ್ಟು ಅಲ್ಯೂಮಿನಿಯಮ್ಮಿನ ಮೂಲಕ ಹಾದುಹೋಗಿ ಮಧ್ಯೆ ಉಪ್ಪುನೀರು ನಿಂತರೆ, ಅದು ಪುಟ್ಟ ಬ್ಯಾಟರಿಯಂತೆ ಕೆಲಸ ಮಾಡುತ್ತದೆ. ಸವೆಯುವುದು ಅಲ್ಯೂಮಿನಿಯಂ. ಅದರಿಂದ ಹುಟ್ಟುವ ಬಿಳಿ ಪುಡಿ ರಂಧ್ರದೊಳಗೆ ಉಬ್ಬಿ ಬೋಲ್ಟಿನ ಕಾಂಡವನ್ನು ಬಿಗಿಯಾಗಿ ಹಿಡಿಯುತ್ತದೆ. ಎರಡನೆಯ ಜಾಗ ಕೆಳಗಿನ ನಟ್ಟು. ಸ್ಟೇನ್‌ಲೆಸ್ ನಟ್ಟನ್ನು ಅದೇ ಲೋಹದ ಬೋಲ್ಟಿಗೆ ಗ್ರೀಸು ಇಲ್ಲದೆ ವೇಗವಾಗಿ ತಿರುಗಿಸಿದರೆ ಎರಡರ ಮರೆಗಳೂ, ಎಂದರೆ ತಿರುಪಿನ ಸುತ್ತುಗಳೂ, ಉಜ್ಜಿ ಒಂದಕ್ಕೊಂದು ಬೆಸೆದುಬಿಡುತ್ತವೆ. ಅಲ್ಲಿ ತುಕ್ಕೇ ಇರುವುದಿಲ್ಲ, ಎಣ್ಣೆಯೂ ನಾಟುವುದಿಲ್ಲ. ನಮ್ಮ ಮೂರನೆಯದು ಕಾಂಡದಲ್ಲಿ ಹಿಡಿದಿತ್ತು, ನಾಲ್ಕನೆಯದು ನಟ್ಟಿನಲ್ಲಿ.

ಕಾಂಡದಲ್ಲಿ ಹಿಡಿದದ್ದಕ್ಕೆ ಶಾಖ ಬೇಕು. ಆದರೆ ಗ್ಯಾಸಿನ ಬೆಂಕಿ ಹಿಡಿದರೆ ಫೈಬರಿನ ರಾಳವೇ ಸುಟ್ಟುಹೋಗುತ್ತದೆ. ಹಾಗಾಗಿ ದೊಡ್ಡ ಸೋಲ್ಡರಿಂಗ್ ಕಬ್ಬಿಣವನ್ನು ಮುರಿದ ತುದಿಗೆ ಒತ್ತಿ ಹತ್ತು ನಿಮಿಷ ಹಿಡಿದೆ. ಒಂದೇ ಶಾಖಕ್ಕೆ ಅಲ್ಯೂಮಿನಿಯಂ 23 ಪಾಲು ಹಿಗ್ಗಿದರೆ ಸ್ಟೇನ್‌ಲೆಸ್ ಸುಮಾರು 17 ಪಾಲು ಹಿಗ್ಗುತ್ತದೆ. ಈ ವ್ಯತ್ಯಾಸಕ್ಕೆ ಒಳಗಿನ ಬಿಳಿ ಪುಡಿ ಬಿರಿಯುತ್ತದೆ. ತಣಿದ ಮೇಲೆ ತೆಳುವಾದ ಎಣ್ಣೆ ಬಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಬೆಳಿಗ್ಗೆ ಮತ್ತು ಸಂಜೆ, ಹೀಗೆ ಎರಡು ದಿನ. ಮೂರನೆಯ ದಿನ ಕೆಳಗಿನ ನಟ್ಟು ಕಳಚಿ, ಮೇಲಿನಿಂದ ಪಂಚು ಇಟ್ಟು ಹೊಡೆದಾಗ ಕಾಂಡ ಜಾರಿತು. ಅಸಿಟೋನ್ ಬೆರೆಸಿದ ಎಣ್ಣೆ ಇನ್ನೂ ಚೆನ್ನಾಗಿ ಇಳಿಯುತ್ತದೆ ಎಂದು ಹಲವರು ಹೇಳುತ್ತಾರೆ. ನಾನು ಬಳಸಲಿಲ್ಲ. ಡೆಕ್ಕಿನ, ಎಂದರೆ ದೋಣಿಯ ಮೇಲ್ಹಾಸಿನ, ಕೆಳಗೆ ದೋಣಿ ಮುಳುಗದಿರಲು ತುಂಬಿದ ಥರ್ಮೋಕೋಲನ್ನು ಅಸಿಟೋನ್ ಕರಗಿಸಿಬಿಡುತ್ತದೆ. ಮೇಲಾಗಿ ಬಿಸಿ ಕಬ್ಬಿಣದ ಬಳಿ ಅದು ಹೊತ್ತಿಕೊಳ್ಳುವ ವಸ್ತು.

ನಾಲ್ಕನೆಯದರ ನಟ್ಟಿಗೆ ಈ ಯಾವ ಉಪಚಾರವೂ ಹತ್ತಲಿಲ್ಲ. ಅಳಿಯ ಮೇಲೆ 13 ಮಿ.ಮೀ. ರಿಂಗ್ ಸ್ಪ್ಯಾನರಿನಿಂದ ತಲೆ ಹಿಡಿದ. ನಾನು ಕೆಳಗೆ ಅಂಗಾತ ಮಲಗಿ ಹ್ಯಾಕ್ಸಾ ಅಲಗಿನಿಂದ ನಟ್ಟಿನ ಒಂದು ಮುಖವನ್ನು ಸೀಳಿ, ಉಳಿ ಇಟ್ಟು ಅಗಲಿಸಿದೆ. ಬೆಸೆದ ನಟ್ಟನ್ನು ಉಳಿಸಿಕೊಳ್ಳಲು ಹೋಗಬಾರದು, ಕತ್ತರಿಸಬೇಕು.

ಕ್ಲೀಟು ಎತ್ತಿದ ಮೇಲೆ ಬಿರುಕಿಗೆ ಕಾರಣ ಕಂಡಿತು. ಹಳೆಯ ಸೀಲೆಂಟ್, ಎಂದರೆ ನೀರು ಇಳಿಯದಂತೆ ಸಂದಿಗೆ ತುಂಬುವ ಅಂಟು, ಸಿಲಿಕೋನಿನದು. ಅಂಚು ಬಿಟ್ಟು ನೀರು ಇಳಿದಿತ್ತು. ಎರಡು ಫೈಬರ್ ಪದರಗಳ ನಡುವಿನ ಪ್ಲೈವುಡ್ ಕಪ್ಪಾಗಿ, ಸ್ಕ್ರೂಡ್ರೈವರ್ ಚುಚ್ಚಿದರೆ ಒಳಗೆ ಹೋಗುತ್ತಿತ್ತು. ಮೆತ್ತಗಾದ ಮರದ ಮೇಲೆ ಕ್ಲೀಟು ಪ್ರತಿ ಅಲೆಗೂ ಅಲುಗಾಡಿ ಬುಡದಲ್ಲಿ ದಣಿದಿತ್ತು. ಹೊಸದನ್ನು ಹಾಗೆಯೇ ಕೂರಿಸಿದ್ದರೆ ಅದಕ್ಕೂ ಇದೇ ಗತಿ. ಕೆಳಗಿನ ಪದರವನ್ನು ಅಂಗೈ ಅಗಲ ಕತ್ತರಿಸಿ ಕೊಳೆತದ್ದನ್ನು ಕೆರೆದೆವು. ಆಟಿಯಲ್ಲಿ ಮರ ಒಣಗಿಸುವುದೇ ದೊಡ್ಡ ಪಾಡು. ಹಳೆಯ 200 ವ್ಯಾಟಿನ ಬಲ್ಬನ್ನು ಒಂದು ಹಗಲು, ಒಂದು ರಾತ್ರಿ ಒಳಗೆ ತೂಗುಹಾಕಿದೆ. ಹೊಸ ಮರೀನ್ ಪ್ಲೈವುಡ್ ತುಂಡನ್ನು ಎಪಾಕ್ಸಿಯಿಂದ ಅಂಟಿಸಿದೆ. ಸಾಮಾನ್ಯ ಪಾಲಿಯೆಸ್ಟರ್ ರಾಳ ಅಗ್ಗ, ಆದರೆ ಅದು ಹಸಿಯಾಗಿರುವಾಗ ಥರ್ಮೋಕೋಲನ್ನು ತಿನ್ನುತ್ತದೆ. ಎಪಾಕ್ಸಿ ತಿನ್ನುವುದಿಲ್ಲ.

ಹೊಸ ಬೋಲ್ಟುಗಳು 316 ದರ್ಜೆಯ ಸ್ಟೇನ್‌ಲೆಸ್‌ನವು. ಅದರಲ್ಲಿರುವ ಮಾಲಿಬ್ಡಿನಮ್ ಲೋಹದಿಂದಾಗಿ ಅದು ಸಾಮಾನ್ಯ 304 ದರ್ಜೆಗಿಂತ ಚೆನ್ನಾಗಿ ಉಪ್ಪನ್ನು ತಡೆಯುತ್ತದೆ. ಕಾಂಡಕ್ಕೆ ಗ್ರೀಸು ಸವರಿ, ತಲೆಯ ಕೆಳಗೆ ನೈಲಾನ್ ವಾಷರ್ ಹಾಕಿದೆ. ಡೆಕ್ಕಿನ ರಂಧ್ರದ ಬಾಯನ್ನು ಸ್ವಲ್ಪ ಕೊರೆದು ಅಗಲಿಸಿದ್ದರಿಂದ ಪಾಲಿಯುರೆಥೇನ್ ಸೀಲೆಂಟ್ ಅಲ್ಲಿ ಉಂಗುರದಂತೆ ನಿಂತಿತು. ಸಿಲಿಕೋನನ್ನು ಇಲ್ಲಿಗೆ ತರಲೇಬಾರದು. ಅದರ ಜಿಡ್ಡು ಉಳಿದ ಜಾಗಕ್ಕೆ ಮುಂದೆ ಬೇರೇನೂ ಅಂಟುವುದಿಲ್ಲ. ಕೆಳಗೆ ಅಗಲವಾದ ತಗಡಿನ ಪಟ್ಟಿ ಕೊಟ್ಟು, ಬೋಲ್ಟಿನ ತಲೆ ಅಲುಗದಂತೆ ಹಿಡಿದು ನಟ್ಟನ್ನು ಮಾತ್ರ ನಿಧಾನವಾಗಿ ತಿರುಗಿಸಿದೆವು. ತಲೆ ತಿರುಗಿದರೆ ಸೀಲೆಂಟ್ ಉಂಗುರ ಹರಿದುಹೋಗುತ್ತದೆ.

ಮರುದಿನ ಜೋರು ಮಳೆ. ಅಳಿಯ ಟಾರ್ಪಾಲು ಸರಿಸಿ ಡೆಕ್ಕಿನ ಕೆಳಗೆ ತೆವಳಿಹೋಗಿ ಪಟ್ಟಿಯ ಸುತ್ತ ಬೆರಳಾಡಿಸಿದ. “ಒಣಗಿಯೇ ಇದೆ ಮಾವ.” ಈ ಮಳೆಗಾಲದಲ್ಲಿ ಬಲಗಡೆಯ ಕ್ಲೀಟನ್ನೂ ಬಿಚ್ಚುತ್ತಿದ್ದೇವೆ. ಅದರಲ್ಲಿ ಬಿರುಕಿಲ್ಲ, ಆದರೆ ಅದರ ಕೆಳಗಿರುವುದೂ ಅದೇ ಸಿಲಿಕೋನು.